ಆಜ್ಞೆ ಮಾಡುವ ಅಧಿಕಾರವಿಲ್ಲದ ಹೊಣೆ: ಪುಣೆಯಿಂದ ಒಂದು ಕೆಲಸದ ಅನುಭವ

ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಗಡದ ಸಭೆಗಳ, ಅಂದರೆ ಚರ್ಚ್‌ಗಳ, ರಾಷ್ಟ್ರಮಟ್ಟದ ಒಕ್ಕೂಟವೊಂದರ ಕಾರ್ಯದರ್ಶಿಯಾಗಿ ನಾನು ಪುಣೆಯಿಂದ ಕೆಲಸ ಮಾಡುತ್ತಿದ್ದೇನೆ. ಹುಬ್ಬಳ್ಳಿ, ಧಾರವಾಡದ ಕಡೆಯ ಬಂಧುಗಳು ಭೇಟಿಯಾದಾಗ ‘ಹಂಗಾದ್ರ ನೀವು ಬಿಷಪ್ ಇದ್ದಂಗ ಏನ್ರಿ?’ ಎಂದು ಕೇಳುತ್ತಾರೆ. ನಮ್ಮಲ್ಲಿ ಬಿಷಪ್ ಎಂಬ ಹುದ್ದೆಯೇ ಇಲ್ಲ. ಸಭಾಪಾಲಕರನ್ನು (ಪಾಸ್ಟರ್) ಕರೆಯುವುದು, ಸದಸ್ಯರನ್ನು ಸೇರಿಸಿಕೊಳ್ಳುವುದು, ಕಾಣಿಕೆಯ ಹಣವನ್ನು ಹೇಗೆ ಬಳಸಬೇಕೆಂದು ತೀರ್ಮಾನಿಸುವುದು ಎಲ್ಲವೂ ಆಯಾ ಸ್ಥಳೀಯ ಸಭೆಯ ಸದಸ್ಯರ ಕೂಟಕ್ಕೆ ಸೇರಿದ್ದು. 1970ರ ನವೆಂಬರ್ 29ರಂದು ನಾಗಪುರದಲ್ಲಿ ಹಲವು ಪ್ರೊಟೆಸ್ಟಂಟ್ ಪಂಗಡಗಳು ಒಂದಾಗಿ ಚರ್ಚ್ ಆಫ್ ನಾರ್ತ್ ಇಂಡಿಯಾ ರೂಪುಗೊಂಡಾಗ ಉತ್ತರ ಭಾರತದ ಕೆಲವು ಬ್ಯಾಪ್ಟಿಸ್ಟರು ಅದರಲ್ಲಿ ಸೇರಿ ಬಿಷಪ್ ವ್ಯವಸ್ಥೆಯನ್ನು ಒಪ್ಪಿಕೊಂಡರು. ಹಾಗೆ ಸೇರದೆ ಉಳಿದ ಪರಂಪರೆಯಲ್ಲಿ ಕಾರ್ಯದರ್ಶಿಯ ಸುತ್ತೋಲೆ ಒಂದು ವಿನಂತಿ ಮಾತ್ರ. ಅದನ್ನು ಪಾಲಿಸಲೇಬೇಕೆಂಬ ಕಟ್ಟುಪಾಡು ಯಾವ ಸಭೆಗೂ ಇಲ್ಲ.

ಈ ಹುದ್ದೆಯಲ್ಲಿ ನಾನು ಎಲ್ಲಕ್ಕಿಂತ ಮೊದಲು ಅರಿತುಕೊಳ್ಳಬೇಕಾಗಿ ಬಂದದ್ದು, ಒಂದೇ ಹೆಸರು ಹೊತ್ತ ಸಭೆಗಳ ಹಿಂದೆ ಎಷ್ಟು ಬೇರೆ ಬೇರೆ ಚರಿತ್ರೆಗಳಿವೆ ಎಂಬುದನ್ನು. ನಾಗಾ ಸಹೋದರರು 1872ನ್ನು ನೆನೆಯುತ್ತಾರೆ. ಅಸ್ಸಾಮಿನ ಗೊಧುಲಾ ಮತ್ತು ಅಮೆರಿಕದ ಕ್ಲಾರ್ಕ್ ಅವರ ಸೇವೆಯಿಂದ ಮೊಲುಂಗ್‌ಕಿಮೊಂಗ್ ಹಳ್ಳಿಯಲ್ಲಿ ಸಭೆ ಹುಟ್ಟಿದ ವರ್ಷ ಅದು. ಇಂದು ಅವರ ನಾಡಿನಲ್ಲಿ ಬ್ಯಾಪ್ಟಿಸ್ಟರೇ ಬಹುಸಂಖ್ಯಾತರು. ಹಳ್ಳಿಯ ಜೀವನ ಬೇರೆ, ಸಭೆ ಬೇರೆ ಎಂಬ ಗೆರೆ ಅಲ್ಲಿ ತೆಳುವಾದದ್ದು. ತೆಲುಗು ಸಭೆಗಳ ಹಿರಿಯರ ನೆನಪೇ ಬೇರೆ. 1876–78ರ ಭೀಕರ ಬರಗಾಲದಲ್ಲಿ ಒಂಗೋಲಿನಲ್ಲಿದ್ದ ಅಮೆರಿಕದ ಮಿಷನರಿ ಜಾನ್ ಕ್ಲೌ ಬಕಿಂಗ್‌ಹ್ಯಾಮ್ ಕಾಲುವೆಯ ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಒದಗಿಸಿದರು. ಆದರೆ ಜನರು ಅನ್ನಕ್ಕಾಗಿ ಬಂದರೆಂಬ ಮಾತು ಬರಬಾರದೆಂದು ಆ ದಿನಗಳಲ್ಲಿ ಯಾರಿಗೂ ದೀಕ್ಷಾಸ್ನಾನ (ಕ್ರೈಸ್ತ ಸಭೆಗೆ ಸೇರಿಸುವ ನೀರಿನ ಸಂಸ್ಕಾರ) ಕೊಡಲಿಲ್ಲ. ಬಳಿಕ 1878ರ ಜುಲೈ 3ರಂದು ಒಂದೇ ದಿನದಲ್ಲಿ 2,222 ಜನರು ದೀಕ್ಷಾಸ್ನಾನ ಪಡೆದರು. ಅವರಲ್ಲಿ ಹೆಚ್ಚಿನವರು ಮಾದಿಗ ಸಮುದಾಯದವರು. ಅವರ ಮೊಮ್ಮಕ್ಕಳ ಮಕ್ಕಳಿಗೆ ಸದಸ್ಯರ ಕೂಟದಲ್ಲಿ ಎದ್ದುನಿಂತು ಮಾತನಾಡುವ ಹಕ್ಕು ಕೇವಲ ಆಡಳಿತದ ನಿಯಮವಲ್ಲ, ಮಾನದ ಪ್ರಶ್ನೆ. ಕ್ಲೌ ಅವರು ಕಾದದ್ದನ್ನು ನಾನು ಎಳೆಯ ಸಭಾಪಾಲಕರಿಗೆ ಮತ್ತೆಮತ್ತೆ ಹೇಳುತ್ತೇನೆ, ಏಕೆಂದರೆ ಸಂಖ್ಯೆಯ ಹಂಬಲ ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಇನ್ನು ನಮ್ಮ ಕನ್ನಡಿಗರು. ಪುಣೆಗೆ ಬಂದ ಧಾರವಾಡ, ಗದಗ, ಮಂಗಳೂರು ಕಡೆಯ ಕುಟುಂಬಗಳಲ್ಲಿ ಹಲವು ಬಾಸೆಲ್ ಮಿಷನ್ ಮೂಲದವು. 1834ರಲ್ಲಿ ಮಂಗಳೂರಿನಲ್ಲೂ 1837ರಲ್ಲಿ ಧಾರವಾಡದಲ್ಲೂ ಕೆಲಸ ಆರಂಭಿಸಿದ ಆ ಮಿಷನ್ನಿನ ಸಭೆಗಳಲ್ಲಿ ಶಿಶುಗಳಿಗೂ ದೀಕ್ಷಾಸ್ನಾನ ಕೊಡುತ್ತಿದ್ದರು. ಬ್ಯಾಪ್ಟಿಸ್ಟರಾದ ನಾವು ತನ್ನ ಬಾಯಿಂದಲೇ ವಿಶ್ವಾಸವನ್ನು ಅರಿಕೆ ಮಾಡಿದವರನ್ನು ಮಾತ್ರ ನೀರಿನಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಡುತ್ತೇವೆ. ಗದಗದ ಕಡೆಯ ಒಬ್ಬ ತಾಯಿ ಇಲ್ಲಿನ ಕನ್ನಡ ಸಭೆಗೆ ಸದಸ್ಯಳಾಗಲು ಬಂದಾಗ, ಮತ್ತೆ ದೀಕ್ಷಾಸ್ನಾನ ತೆಗೆದುಕೊಳ್ಳಬೇಕೆಂದು ಹಿರಿಯರೊಬ್ಬರು ಹೇಳಿದರು. ವೇದಿಕೆಯ ಹಲಗೆಗಳನ್ನು ಎತ್ತಿ ತೆರೆದಿದ್ದ ದೀಕ್ಷಾಸ್ನಾನದ ತೊಟ್ಟಿಯನ್ನು ಆಕೆ ಸ್ವಲ್ಪ ಹೊತ್ತು ನೋಡಿ, ‘ಅಯ್ಯನವರ, ನಮ್ಮವ್ವ ನನ್ನ ಎತ್ಕೊಂಡು ನಿಂತಾಗಿನ ಆ ನೀರು ಸುಳ್ಳಾಗತೈತೇನ್ರಿ?’ ಎಂದು ಕೇಳಿದರು.

ಅದಕ್ಕೆ ಒಕ್ಕೂಟದ ಕಚೇರಿಯಿಂದ ಉತ್ತರ ಕೊಡುವುದು ಸುಲಭವಿತ್ತು. ಹಿರಿಯರು ನನ್ನನ್ನೇ ತೀರ್ಪು ಕೇಳಿದರೂ ನಾನು ಕೊಡಲಿಲ್ಲ. ನಮ್ಮ ಸಭೆಗಳಲ್ಲಿ ಈ ವಿಷಯಕ್ಕೆ ಎರಡು ನಡೆಗಳಿವೆ: ಮುಳುಗಿಸುವ ದೀಕ್ಷಾಸ್ನಾನ ಪಡೆದವರನ್ನು ಮಾತ್ರ ಸದಸ್ಯರೆಂದು ಎಣಿಸುವವರಿದ್ದಾರೆ, ಬೇರೆ ಸಭೆಯಿಂದ ಬಂದ ವಿಶ್ವಾಸಿಯನ್ನು ಅವರ ಅರಿಕೆಯ ಮೇಲೆ ಸೇರಿಸಿಕೊಳ್ಳುವವರೂ ಇದ್ದಾರೆ. ಎರಡರ ಆಧಾರಗಳನ್ನೂ ಕನ್ನಡದಲ್ಲಿ ಬರೆದು ಸದಸ್ಯರ ಕೈಗಿತ್ತು, ಆ ತಾಯಿಯ ಮಾತನ್ನು ಕೂಟದಲ್ಲಿ ಅವರೇ ಹೇಳುವಂತೆ ಮಾಡಿದೆವು. ಚರ್ಚೆ ಹಲವು ಭಾನುವಾರ ನಡೆಯಿತು. ಕನ್ನಡ ಸಭೆ ಅವರನ್ನು ಅರಿಕೆಯ ಮೇಲೆ ಸೇರಿಸಿಕೊಂಡಿತು. ಅದೇ ಕಟ್ಟಡದಲ್ಲಿ ಕೂಡುವ ತೆಲುಗು ಸಭೆ ತನ್ನ ಹಳೆಯ ನಿಯಮವನ್ನೇ ಉಳಿಸಿಕೊಂಡಿತು. ಎರಡೂ ಸಭೆಗಳವರು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದಲ್ಲಿ ಒಟ್ಟಿಗೆ ಕೂಡುತ್ತಾರೆ, ಮತ್ತು ಒಕ್ಕೂಟದ ದೃಷ್ಟಿಯಲ್ಲಿ ಅಷ್ಟು ಸಾಕು.

ಕಟ್ಟಡದ ವಿಷಯ ಹೇಳಿದ ಮೇಲೆ ಸಮಯದ ವಿಷಯವನ್ನೂ ಹೇಳಬೇಕು. ಬಹುಭಾಷೆಯ ನಗರದಲ್ಲಿ ಯಾವ ಸಭೆಗೆ ಬೆಳಗಿನ ಹೊತ್ತು, ಯಾರ ಕೈಯಲ್ಲಿ ಬೀಗದ ಕೈ ಎಂಬುದು ದೇವಶಾಸ್ತ್ರದಷ್ಟೇ ಗಂಭೀರ ಪ್ರಶ್ನೆ. ಇಂಗ್ಲಿಷ್ ಆರಾಧನೆಯವರಿಗೆ ಅಧಿಕಾರಿಗಳ ಪರಿಚಯವಿದೆ, ದೊಡ್ಡ ಕಾಣಿಕೆಯಿದೆ. ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರಿಗೆ ಭಾನುವಾರವೂ ಕೆಲಸ ಬಿಡುವುದು ಸಂಜೆಗೇ. ಕಾಣಿಕೆಯ ಮೊತ್ತ ನೋಡಿ ಹೊತ್ತು ಹಂಚಿದರೆ ಈ ಕೂಲಿಕಾರರಿಗೆ ಜಾಗವೇ ಉಳಿಯುವುದಿಲ್ಲ. ಆದ್ದರಿಂದ ಕಟ್ಟಡ ಹಂಚಿಕೊಳ್ಳುವ ಸಭೆಗಳ ಜಂಟಿ ಸಮಿತಿಯಲ್ಲಿ ಸದಸ್ಯಸಂಖ್ಯೆ ಎಷ್ಟೇ ಇರಲಿ, ಪ್ರತಿ ಭಾಷೆಯ ಸಭೆಗೆ ಸಮನಾದ ಮತ ಇರಬೇಕೆಂದು ನಾನು ಹಟ ಹಿಡಿದೆ. ದೊಡ್ಡ ಸಭೆಯವರಿಗೆ ಇದು ರುಚಿಸಲಿಲ್ಲ, ಅವರ ಆಕ್ಷೇಪದಲ್ಲಿ ನ್ಯಾಯವೂ ಇತ್ತು. ಆದರೂ ಚಿಕ್ಕ ಸಭೆಯವರು ಬೇಡುವವರಾಗಿ ಬಾಗಿಲಲ್ಲಿ ನಿಂತಿರುವ ತನಕ ನಾವು ಒಂದೇ ಎಂದು ಹಾಡುವುದು ನನಗೆ ಒಪ್ಪಿಗೆಯಾಗದು.

ಈಗ ನಮ್ಮ ಮುಂದಿರುವುದು ಮಕ್ಕಳ ಪ್ರಶ್ನೆ. ಇಲ್ಲೇ ಹುಟ್ಟಿ ಮರಾಠಿಯಲ್ಲಿ ಆಡಿ ಬೆಳೆದ ಕನ್ನಡ, ತೆಲುಗು ಮನೆಗಳ ಯುವಕರು ಪ್ರತ್ಯೇಕ ಮರಾಠಿ ಆರಾಧನೆ ಬೇಕೆನ್ನುತ್ತಿದ್ದಾರೆ. ಸಭೆ ಒಡೆದುಹೋದೀತೆಂದು ತಂದೆತಾಯಂದಿರು ಹೆದರುತ್ತಾರೆ. ಮುಂದಿನ ಜಂಟಿ ಕೂಟದಲ್ಲಿ ಯುವಕರೇ ತಮ್ಮ ಮನವಿಯನ್ನು ಮಂಡಿಸಲಿದ್ದಾರೆ. ಅದಕ್ಕೆ ಮೊದಲೇ ಅವರಿಗೂ ಮತದ ಹಕ್ಕು ಸಿಗಬೇಕೆಂಬ ಠರಾವನ್ನು ಕನ್ನಡ ಸಭೆಯ ಹಿರಿಯರೇ ಸಿದ್ಧಪಡಿಸುತ್ತಿದ್ದಾರೆ.