ಕುಮಾರಪರ್ವತದ ಏಣುಗಳಲ್ಲಿ ಕ್ಯಾಮೆರಾ ಟ್ರ್ಯಾಪ್‌ಗೆ ಜಾಗ ಹುಡುಕುತ್ತಾ

ಪುಷ್ಪಗಿರಿ ವನ್ಯಜೀವಿಧಾಮದಲ್ಲಿ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಎದುರಿಗೆ ಬಂದಾಗ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾ) ಇಡಲು ತಕ್ಕ ಜಾಗಗಳನ್ನು ಗುರುತಿಸಲೆಂದು ಡಿಸೆಂಬರಿನಲ್ಲಿ ನಾವು ನಾಲ್ವರು, ಅರಣ್ಯ ಇಲಾಖೆಯ ಒಬ್ಬ ವಾಚರ್ ಜೊತೆಗೆ, ಕುಮಾರಪರ್ವತದ ಇಳಿಜಾರುಗಳಲ್ಲಿ ಐದು ದಿನ ಅಲೆದೆವು. ಇದೇ ಕೆಲಸಕ್ಕೆ ಹೊರಡುವವರು ಮೊದಲು ತಿಳಿಯಬೇಕಾದದ್ದು, ಚಾರಣದ ಟಿಕೆಟ್ಟಿನಿಂದ ಇದು ಆಗುವುದಿಲ್ಲ ಎಂಬುದು. ಅಧ್ಯಯನಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು.

ಕುಕ್ಕೆ ಸುಬ್ರಹ್ಮಣ್ಯದಿಂದ ಹತ್ತಿದರೆ 1,712 ಮೀಟರ್ ಎತ್ತರದ ಶಿಖರಕ್ಕೆ ಒಂದೂವರೆ ಸಾವಿರ ಮೀಟರಿಗೂ ಹೆಚ್ಚಿನ ಏರು. ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಏರು ಕಡಿಮೆ, ಹೊರೆ ಹೊತ್ತವರಿಗೆ ಅದೇ ಮೇಲು. ಆದರೆ ಆ ಬದಿಯ ಕಡಿದಾದ ಬಂಡೆಗಳು ಒದ್ದೆಯಾಗಿದ್ದಾಗ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ.

ನಾವು ಮಾಡಿದ ದೊಡ್ಡ ತಪ್ಪು ಊರಿನಲ್ಲಿಯೇ ಆಗಿತ್ತು. ನಕ್ಷೆಯ ಮೇಲೆ ಚೌಕ ಎಳೆದು, ಪ್ರತಿ ಚೌಕದ ನಡುವಿಗೊಂದು ಬಿಂದುವಿಟ್ಟು, ಎರಡು ಬಿಂದುಗಳ ನಡುವೆ ಒಂದು ಕಿಲೋಮೀಟರ್ ಇದ್ದರೆ ಅರ್ಧ ಗಂಟೆ ಸಾಕೆಂದು ಲೆಕ್ಕ ಹಾಕಿದ್ದೆವು. ಮೊದಲ ದಿನವೇ ಒಂದು ಹಳ್ಳಕ್ಕೆ ಇಳಿದು ಎದುರು ಏಣನ್ನು, ಅಂದರೆ ಗುಡ್ಡದ ಉದ್ದನೆಯ ಬೆನ್ನನ್ನು, ಹತ್ತುವಷ್ಟರಲ್ಲಿ ಮೂರು ಗಂಟೆ ಕಳೆದಿತ್ತು. ಇನ್ನೊಂದು ಬಿಂದುವಂತೂ ನೇರ ಬಂಡೆಯ ಅಂಚಿನಲ್ಲಿತ್ತು. ಆದ್ದರಿಂದ ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಸಮೋನ್ನತಿ ರೇಖೆಗಳು (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು) ಒತ್ತಾಗಿರುವ, ಅಂದರೆ ನೆಲ ಕಡಿದಾಗಿರುವ ಕಡೆಗಳನ್ನು ಮೊದಲೇ ಬಿಟ್ಟುಬಿಡಿ, ದೂರವನ್ನು ಗಂಟೆಗಳಲ್ಲಿ ಬರೆದುಕೊಳ್ಳಿ. ಕ್ಯಾಮೆರಾ ಇಟ್ಟ ಜಾಗಕ್ಕೆ ಬ್ಯಾಟರಿ, ಕಾರ್ಡು ಬದಲಿಸಲು ಮತ್ತೆ ಮತ್ತೆ ಹೋಗಬೇಕಾಗುತ್ತದೆ. ಒಮ್ಮೆ ಹೇಗೋ ತಲುಪಿದೆವೆಂಬುದು ಲೆಕ್ಕಕ್ಕೆ ಬಾರದು.

ಪ್ರಾಣಿಗಳೂ ಸುಮ್ಮನೆ ಕಡಿದಾದ ಕಡೆ ಹತ್ತಿ ಏದುಸಿರು ಬಿಡುವುದಿಲ್ಲ. ಏಣಿನ ನೆತ್ತಿ, ಎರಡು ಗುಡ್ಡಗಳ ನಡುವಿನ ತಗ್ಗು, ಹಳ್ಳ ದಾಟುವ ಸಮತಟ್ಟು ಜಾಗ, ಆನೆದಾರಿ, ಇಂಥಲ್ಲೇ ನಮಗೆ ಹಿಕ್ಕೆಯೂ ಹೆಜ್ಜೆಯೂ ಹೆಚ್ಚು ಕಂಡವು. ಯಾವ ಚಿರತೆ ಎಂದು ಗುರುತಿಸಲು ಅದರ ಎರಡೂ ಪಕ್ಕದ ಚುಕ್ಕೆಗಳು ಬೇಕಿದ್ದರೆ ದಾರಿಯ ಎರಡು ಬದಿಗೂ ಒಂದೊಂದು ಕ್ಯಾಮೆರಾ, ಮೊಣಕಾಲಿನ ಎತ್ತರಕ್ಕೆ, ಒಂದರ ಫ್ಲಾಶ್ ಇನ್ನೊಂದರ ಕಣ್ಣಿಗೆ ಬೀಳದಂತೆ ಸ್ವಲ್ಪ ಓರೆಯಾಗಿ ಕಟ್ಟುವಷ್ಟು ಜಾಗವಿದೆಯೇ ಎಂದು ಅಲ್ಲಿಯೇ ನೋಡಿಕೊಳ್ಳಬೇಕು. ಆನೆದಾರಿಯ ಮರಕ್ಕೆ ಕಟ್ಟಿದ ಕ್ಯಾಮೆರಾವನ್ನು ಆನೆ ಕಿತ್ತೆಸೆಯಬಹುದು. ಕಬ್ಬಿಣದ ಪೆಟ್ಟಿಗೆಯ ಖರ್ಚನ್ನೂ ಸೇರಿಸಿಕೊಳ್ಳಿ.

ದಟ್ಟ ಮರಗಳಡಿಯ ಕಣಿವೆಯಲ್ಲಿ ಜಿಪಿಎಸ್ ಹತ್ತಾರು ಮೀಟರ್ ತಪ್ಪು ತೋರಿಸಿತು. ಪ್ರತಿ ಜಾಗದ ಮರ, ಬಂಡೆಗಳ ಗುರುತನ್ನು ಕೈಯಲ್ಲಿ ಬರೆದದ್ದೇ ಮರಳಿ ಹುಡುಕಲು ನೆರವಾಯಿತು. ಹಳ್ಳದ ಬದಿಗಳಲ್ಲಿ ಡಿಸೆಂಬರಿನಲ್ಲೂ ಇಂಬಳಗಳಿದ್ದವು (ರಕ್ತ ಹೀರುವ ಜಿಗಣೆಗಳು), ಅವನ್ನು ಬಿಡಿಸಲು ಹೊಗೆಸೊಪ್ಪು ಸುಣ್ಣ ಜೊತೆಯಲ್ಲಿರಲಿ. ಮಧ್ಯಾಹ್ನ ಮೂರಕ್ಕೆ ಎಲ್ಲಿದ್ದರೂ ಹಿಂದಿರುಗಬೇಕೆಂದು ವಾಚರ್ ಹಟ ಹಿಡಿದಿದ್ದರು. ನಾಲ್ಕನೆಯ ದಿನ ನಾವು ಗೊಣಗುತ್ತಲೇ ಹಿಂದಿರುಗಿದ ದಾರಿಯಲ್ಲಿ ಆನೆಯ ಲದ್ದಿ ಇನ್ನೂ ಬಿಸಿಯಾಗಿತ್ತು.