ಟಿಕೆಟ್ ಮಾರಿಯೇ ಆಫ್ರಿಕಾನ್ಸ್ ನಾಟಕ ಬದುಕುತ್ತದೆಯೇ?

ದಕ್ಷಿಣ ಆಫ್ರಿಕಾದ ರಂಗಭೂಮಿಯ ಮಾತು ಬಂದಾಗಲೆಲ್ಲ ನಮ್ಮ ನಾಟಕದವರು ಕೇಳುವ ಪ್ರಶ್ನೆ ಒಂದೇ. ದೇಶದ ನೂರು ಜನರಲ್ಲಿ ಹತ್ತು-ಹನ್ನೊಂದು ಜನರ ಮನೆಮಾತು ಆಫ್ರಿಕಾನ್ಸ್. ಅಂಥ ಭಾಷೆಯಲ್ಲಿ ಪ್ರತಿವರ್ಷ ಹೊಸ ನಾಟಕಗಳು ಬರುತ್ತವಲ್ಲ, ದುಡ್ಡು ಎಲ್ಲಿಂದ? ಬರೀ ಟಿಕೆಟ್‌ನಿಂದಲೇ?

ಅಲ್ಲ. ಟಿಕೆಟ್ ದುಡ್ಡು ಪ್ರಯೋಗದ ಖರ್ಚನ್ನು ಹೊರುತ್ತದೆ, ತಾಲೀಮಿನ ಖರ್ಚನ್ನು ಹೊರುವುದಿಲ್ಲ. ಆ ಅಂತರವನ್ನು ತುಂಬುವುದೇ ಅಲ್ಲಿನ ನಿರ್ಮಾಪಕರ ಅಸಲಿ ಕಸುಬು.

1963ರಿಂದ ಪ್ರಾಂತ್ಯಕ್ಕೊಂದರಂತೆ ನಾಲ್ಕು ಸರ್ಕಾರಿ ಕಲಾ ಮಂಡಳಿಗಳಿದ್ದವು. ಸಂಬಳದ ನಟರು, ಸ್ವಂತ ರಂಗಮಂದಿರ, ಸೆಟ್ ಕಟ್ಟುವ ಕಾರ್ಯಾಗಾರ ಎಲ್ಲವೂ ಅಲ್ಲೇ. ವರ್ಣಭೇದದ ಸರ್ಕಾರ ಬಿಳಿಯರ ಕಲೆಗೆ ಸುರಿದ ಹಣ ಅದು. 1994ರ ನಂತರ ಹಣದ ಹಂಚಿಕೆ ಬದಲಾಯಿತು, ಸಂಬಳದ ತಂಡಗಳು ಕರಗಿದವು. ಆ ಜಾಗವನ್ನು ತುಂಬಿದ್ದು ಉತ್ಸವಗಳು. 1995ರಲ್ಲಿ ಔಟ್ಸ್‌ಹೋರ್ನ್ ಎಂಬ ಉಷ್ಟ್ರಪಕ್ಷಿ ಸಾಕಣೆಯ ಊರಿನಲ್ಲಿ ಕ್ಲೈನ್ ಕರೂ ಉತ್ಸವ ಶುರುವಾಯಿತು. ಬಳಿಕ ಪೋಚೆಫ್‌ಸ್ಟ್ರೂಮಿನ ಆರ್ಡ್‌ಕ್ಲಾಪ್ (1998), ಸ್ಟೆಲೆನ್‌ಬಾಷಿನ ವೂರ್ಡ್‌ಫೀಸ್ (2000), ಕೇಪ್‌ಟೌನಿನ ಸೈಡ್‌ಊಸ್ಟರ್‌ಫೀಸ್ (2003), ಎಂಬೊಂಬೆಲಾದ ಇನ್ನಿಬೊಸ್ (2004) ಬಂದವು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಸಾಲಾಗಿ ಟೆಂಟ್ ಹಾಕುವುದನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಪ್ರೇಕ್ಷಕರನ್ನು ಊರಿಗೆ ಕರೆಸುವುದು ಉತ್ಸವ. ತನ್ನ ಬಾಗಿಲಿಗೆ ಕರೆತರುವುದು ಮಾತ್ರ ತಂಡದ ಪಾಲು. ವ್ಯತ್ಯಾಸ ಇಷ್ಟೇ: ಅಲ್ಲಿ ತಂಡಕ್ಕೆ ಸಿಗುವುದು ಒಂದು ವಾರ, ಹೆಚ್ಚೆಂದರೆ ಐದಾರು ಪ್ರಯೋಗ.

ಒಂದು ಮಾದರಿ ಲೆಕ್ಕ ಹಾಕೋಣ. ಅಂಕಿಗಳು ವಿವರಣೆಗಾಗಿ ನಾನು ಇಟ್ಟುಕೊಂಡವು. 250 ಆಸನದ ಹಾಲ್, 200 ರಾಂಡ್ ಟಿಕೆಟ್, 6 ಪ್ರಯೋಗ, ಶೇ. 60 ಭರ್ತಿ. ವಸೂಲಿ 1,80,000 ರಾಂಡ್. ಅದರೊಳಗೇ ಅಡಗಿರುವ ಶೇ. 15 ವ್ಯಾಟ್ ತೆಗೆದರೆ ಸುಮಾರು 1,56,500. ಉತ್ಸವ ಶೇ. 30 ಹಿಡಿದುಕೊಂಡರೆ 1,09,500. ನಾಟಕಕಾರರ ಗೌರವಧನ ವ್ಯಾಟ್ ಕಳೆದ ವಸೂಲಿಯ ಶೇ. 10 ಎಂದರೆ ಕೈಯಲ್ಲಿ 94,000 ಉಳಿಯಿತು. ನಾಲ್ವರು ನಟರಿಗೆ ಪ್ರಯೋಗಕ್ಕೆ 1,500ರಂತೆ 36,000, ಇಬ್ಬರು ತಂತ್ರಜ್ಞರಿಗೆ 900ರಂತೆ 10,800, ಆರು ಜನರ ಏಳು ರಾತ್ರಿಯ ವಸತಿ ತಲಾ 700ರಂತೆ 29,400, ವಾಹನ 10,000. ಒಟ್ಟು ಖರ್ಚು 86,200. ಉಳಿದದ್ದು ಏಳೆಂಟು ಸಾವಿರ! ನಾಲ್ಕು ವಾರದ ತಾಲೀಮು, ಸೆಟ್ಟು, ಉಡುಪಿಗೆ ಆಗಲೇ 2,00,000 ಹೋಗಿರುತ್ತದೆ.

ಅದೇ ಹಾಲ್ ಶೇ. 85 ತುಂಬಲಿ. ಖರ್ಚು ಒಂದು ರಾಂಡೂ ಏರುವುದಿಲ್ಲ, ಉಳಿತಾಯ ಮಾತ್ರ ಸುಮಾರು 46,800ಕ್ಕೆ ನೆಗೆಯುತ್ತದೆ. ಇಂಥ ನಾಲ್ಕು ಉತ್ಸವ ಸಿಕ್ಕರೆ ತಾಲೀಮಿನ ಸಾಲ ಬಹುಪಾಲು ತೀರಿತು. ಹಾಗಾಗಿ ಅನುಭವವುಳ್ಳ ನಿರ್ಮಾಪಕರು ಒಂದೇ ಉತ್ಸವ ನಂಬಿ ತಾಲೀಮು ಶುರು ಮಾಡುವುದಿಲ್ಲ. ಎರಡು-ಮೂರು ಉತ್ಸವಗಳು ಸೇರಿ ತಾಲೀಮಿನ ಖರ್ಚಿನಲ್ಲಿ ಪಾಲು ಹಾಕುವಂತೆ ಮೊದಲೇ ಒಪ್ಪಿಸುತ್ತಾರೆ. ಉಳಿದದ್ದಕ್ಕೆ ಆಫ್ರಿಕಾನ್ಸ್ ರಂಗಭೂಮಿಗೆಂದೇ ಇರುವ 'ನಾಟಿ' (NATi) ಎಂಬ ಸಂಸ್ಥೆ, ರಾಷ್ಟ್ರೀಯ ಕಲಾ ಮಂಡಳಿ, ಲಾಟರಿ ನಿಧಿಗಳ ಬಾಗಿಲು ತಟ್ಟುತ್ತಾರೆ. ಟೆಕ್ಸ್‌ಮಾರ್ಕ್ ಎಂಬ ಏರ್ಪಾಡಿನಲ್ಲಂತೂ ಇನ್ನೂ ಬರೆಯುತ್ತಿರುವ ನಾಟಕಗಳ ತುಣುಕುಗಳನ್ನು ನಿರ್ಮಾಪಕರು ಮತ್ತು ಉತ್ಸವ ನಿರ್ದೇಶಕರ ಮುಂದೆ ಓದಿಸುತ್ತಾರೆ. ನಮ್ಮಲ್ಲಿ ಇದೊಂದು ಬಂದರೂ ಸಾಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಲೆಕ್ಕ ನಾಟಕದ ಆಕಾರವನ್ನೂ ಬದಲಿಸುತ್ತದೆ. ಇಬ್ಬರು ನಟರನ್ನು ಕಡಿಮೆ ಮಾಡಿದರೆ ಮೇಲಿನ ಉದಾಹರಣೆಯಲ್ಲಿ ಒಂದೊಂದು ಉತ್ಸವದಲ್ಲೂ ತಂಡಕ್ಕೆ 27,800 ರಾಂಡ್ ಉಳಿಯುತ್ತದೆ. ಏಕವ್ಯಕ್ತಿ, ಇಬ್ಬರ ನಾಟಕಗಳು ಅಷ್ಟೊಂದು ಏಕೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಹತ್ತು-ಹನ್ನೆರಡು ಪಾತ್ರಗಳ ನಾಟಕ ಬರೆಯುವ ಧೈರ್ಯವೇ ನಾಟಕಕಾರರಿಗೆ ಕುಗ್ಗುತ್ತದೆ. ಇದು ನಿಜವಾದ ನಷ್ಟ. ಅವಧಿಯೂ ಅಷ್ಟೆ. ಉತ್ಸವಕ್ಕೆ ಬಂದವರು ದಿನಕ್ಕೆ ಎರಡು-ಮೂರು ಪ್ರದರ್ಶನ ನೋಡುತ್ತಾರೆ, ಆದ್ದರಿಂದ ವಿರಾಮವಿಲ್ಲದ 60ರಿಂದ 75 ನಿಮಿಷ ಅನುಕೂಲ. ನೂರು ನಿಮಿಷ ಎಳೆದರೆ ಅವರ ಮುಂದಿನ ಟಿಕೆಟ್ ಹಾಳಾಗುತ್ತದೆ, ಕಾಯ್ದಿರಿಸುವಾಗಲೇ ನಿಮ್ಮನ್ನು ಕೈಬಿಡುತ್ತಾರೆ. ಹಾಲ್ ಎಂದರೆ ಎಷ್ಟೋ ಸಲ ಶಾಲೆಯ ಸಭಾಂಗಣ. ಒಂದೇ ದಿನ ಎರಡು-ಮೂರು ತಂಡ ಅದನ್ನು ಹಂಚಿಕೊಳ್ಳುತ್ತವೆ, ದೀಪಗಳ ಜೋಡಣೆ ಎಲ್ಲರಿಗೂ ಒಂದೇ. ಅರ್ಧ ಗಂಟೆಯಲ್ಲಿ ಬಿಚ್ಚಲಾಗದ ಸೆಟ್ಟು, ಒಂದು ಟ್ರೇಲರ್‌ಗೆ ಹಿಡಿಯದ ಸೆಟ್ಟು ಎಷ್ಟೇ ಚೆನ್ನಾಗಿದ್ದರೂ ಕಟ್ಟಬಾರದು.

ಪ್ರಚಾರದ ವಿಷಯದಲ್ಲಿ ದೊಡ್ಡ ತಪ್ಪು, ಅದನ್ನು ಉತ್ಸವದ ವಾರಕ್ಕೆ ಮುಂದೂಡುವುದು. ಜನ ಟಿಕೆಟ್ ಆರಿಸುವುದು ತಿಂಗಳುಗಳ ಮೊದಲೇ ಬರುವ ಕಾರ್ಯಕ್ರಮ ಪಟ್ಟಿ ನೋಡಿ. ಅಲ್ಲಿ ಸಿಗುವುದು ಒಂದು ಚಿತ್ರ, ನಾಲ್ಕೈದು ಸಾಲು. ಆಗ ತಾಲೀಮೇ ಶುರುವಾಗಿರುವುದಿಲ್ಲ, ಆದರೂ ಚಿತ್ರ ಸಿದ್ಧವಿರಬೇಕು. ಮೊದಲ ಸಾಲಿನಲ್ಲಿ ಕಥೆಯ ಬಿಕ್ಕಟ್ಟು, ಎರಡನೆಯದರಲ್ಲಿ ನಟರ ಹೆಸರು. ಟಿವಿ ಧಾರಾವಾಹಿಯ ಮುಖವಿದ್ದರೆ ಅದೇ ಮುಂದೆ. ಬೈಗುಳ, ನಗ್ನತೆ, ಹಿಂಸೆ ಇದ್ದರೆ ಮುಚ್ಚಿಡದೆ ಹೇಳಬೇಕು. ಎಚ್ಚರಿಕೆಯಿಲ್ಲದೆ ಬಂದು ನಡುವೆ ಎದ್ದುಹೋದ ಸಂಪ್ರದಾಯಸ್ಥ ಪ್ರೇಕ್ಷಕ ಊಟದ ಮೇಜಿನಲ್ಲಿ ಹತ್ತು ಟಿಕೆಟ್ ಕೆಡಿಸುತ್ತಾನೆ. ಉತ್ಸವ ಶುರುವಾದ ಮೇಲೆ ಕೆಲಸ ಮಾಡುವುದು ಬಾಯಿಮಾತು ಒಂದೇ. ಅದಕ್ಕೇ ಮೊದಲ ಪ್ರಯೋಗ ಖಾಲಿ ಹೊಡೆಯಬಾರದು. ವಸತಿಗೃಹದವರು, ಅಂಗಡಿಯವರು, ಬೇರೆ ತಂಡದವರಿಗೆ ಪಾಸ್ ಕೊಟ್ಟಾದರೂ ತುಂಬಿಸಬೇಕು. ಮೂರನೆಯ ದಿನ ಪಾಸ್ ಹಂಚುವುದು ಮಾತ್ರ ಕಾಸು ಕೊಟ್ಟವರಿಗೆ ಮಾಡುವ ಅವಮಾನ.

ಶಾಲೆಗಳದ್ದು ಬೇರೆಯೇ ಮಾರುಕಟ್ಟೆ. ಪಠ್ಯವಾದ ನಾಟಕವನ್ನು ಕೈಗೆತ್ತಿಕೊಂಡರೆ ಒಬ್ಬ ಶಿಕ್ಷಕರ ಒಪ್ಪಿಗೆಗೆ ಎಂಬತ್ತು ಸೀಟು. ಆದರೆ ಮಾತನಾಡಬೇಕಾದದ್ದು ಹಿಂದಿನ ವರ್ಷವೇ, ಶಾಲೆಯ ವೇಳಾಪಟ್ಟಿ ಮುಚ್ಚುವ ಮೊದಲು.

ಇನ್ನೂ ಸರಿಯಾಗಿ ತಲುಪದ ಪ್ರೇಕ್ಷಕರಿದ್ದಾರೆ. ಆಫ್ರಿಕಾನ್ಸ್ ಎಂದರೆ ಬಿಳಿಯರ ಭಾಷೆ ಎಂದು ಇಲ್ಲಿ ಬಹಳ ಜನ ನಂಬಿದ್ದಾರೆ. ಆದರೆ ಮನೆಯಲ್ಲಿ ಅದನ್ನಾಡುವವರಲ್ಲಿ ದೊಡ್ಡ ಪಾಲು, ಅಲ್ಲಿ 'ಕಲರ್ಡ್' ಎಂದು ಕರೆಯುವ ಮಿಶ್ರ ಮೂಲದ ಸಮುದಾಯದವರು. ಕೇಪ್‌ಟೌನಿನ ಅಂಚಿನ ಕೇಪ್ ಫ್ಲಾಟ್ಸ್‌ನ ಬಡಾವಣೆಗಳಿಂದ ನಗರದ ಆರ್ಟ್‌ಸ್ಕೇಪ್ ರಂಗಮಂದಿರಕ್ಕೆ ಬರುವವರಿಗೆ ಟಿಕೆಟ್ ದರಕ್ಕಿಂತ ರಾತ್ರಿ ಹಿಂತಿರುಗುವ ವಾಹನದ್ದೇ ಚಿಂತೆ. ಅಲ್ಲಿ ಟಿಕೆಟ್ ರಿಯಾಯಿತಿ ಕೊಟ್ಟರೆ ಸಾಲದು. ಪ್ರಚಾರದ ಹಣದಲ್ಲೇ ಬಸ್ ಬಾಡಿಗೆಗೆ ತೆಗೆದಿಡಬೇಕು, ಮಧ್ಯಾಹ್ನದ ಪ್ರಯೋಗ ಇಡಬೇಕು, ಚರ್ಚ್ ಮತ್ತು ಮಹಿಳಾ ಗುಂಪುಗಳ ಮೂಲಕ ನಲವತ್ತು-ಐವತ್ತು ಸೀಟು ಒಟ್ಟಿಗೆ ಕಾಯ್ದಿರಿಸಬೇಕು. ಭಿತ್ತಿಪತ್ರವೂ ಅವರು ಆಡುವ, ಆಫ್ರಿಕಾನ್ಸ್‌ನದೇ ಒಂದು ಬಗೆಯಾದ ಕಾಪ್ಸ್ ನುಡಿಯಲ್ಲೇ ಇರಬೇಕು.

ಕೊನೆಯದಾಗಿ ಒಪ್ಪಂದ. ಗಲ್ಲಾ ಲೆಕ್ಕ ಚುಕ್ತಾ ಆಗುವುದು ಉತ್ಸವ ಮುಗಿದ ಮೇಲೆ, ನಟರಿಗೆ ಕೊಡಬೇಕಾದದ್ದು ತಾಲೀಮಿನ ವಾರವಾರ. ಆದ್ದರಿಂದ ತಾಲೀಮಿಗೆ ಉತ್ಸವ ಹಾಕುವ ಪಾಲಿನ ಒಂದು ಭಾಗ ತಾಲೀಮಿನ ಮೊದಲ ದಿನವೇ ಬರಬೇಕು, ಉಳಿದದ್ದಕ್ಕೆ ತಾರೀಖು ಇರಬೇಕು, ಉತ್ಸವ ರದ್ದಾದರೆ ತಾಲೀಮಿನ ಖರ್ಚು ಯಾರದೆಂದು ಬರೆದಿರಬೇಕು. 2020ರಲ್ಲಿ ಕೋವಿಡ್‌ನಿಂದ ಉತ್ಸವಗಳು ನಿಂತಾಗ ಎಲ್ಲರೂ ಹುಡುಕಿದ್ದು ಒಪ್ಪಂದದ ಆ ಕೊನೆಯ ಸಾಲನ್ನೇ.