ಕಾಡಿಗೆ ಒಬ್ಬರೇ ಹೋಗುವುದಾದರೆ

ಈ ಸಲ ಕಾಡು-ಬೆಟ್ಟದ ದಾರಿಯಲ್ಲಿ ಒಬ್ಬಳೇ ನಡೆದು, ಟೆಂಟ್‌ನಲ್ಲಿ ಮಲಗಿ ಬಂದೆ. ನೀವೂ ಹಾಗೆ ಹೊರಡುವವರಾದರೆ ನಂಬಿಕಸ್ಥರ ಕೈಗೆ ಒಂದು ಚೀಟಿ ಕೊಟ್ಟು ಹೋಗಿ. ಯಾವ ದಾರಿ, ರಾತ್ರಿ ಎಲ್ಲಿ ತಂಗುತ್ತೀರಿ, ಗಾಡಿ ಎಲ್ಲಿ ನಿಲ್ಲಿಸಿರುತ್ತೀರಿ, ಟೆಂಟ್ ಯಾವ ಬಣ್ಣದ್ದು, ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಯಾರಿಗೆ ತಿಳಿಸಬೇಕು, ಎಲ್ಲ ಅದರಲ್ಲಿರಲಿ. ಸುಮ್ನೆ ‘ಸಂಜೆ ಬರ್ತೀನಿ’ ಅಂದರೆ ಸಾಲದು. ಸಂಜೆ ಅಂದರೆ ಐದೂ ಆಗಬಹುದು, ಎಂಟೂ ಆಗಬಹುದು. ನಡುವೆ ಜಲಪಾತದ ಸದ್ದು ಕೇಳಿ, ಆ ಕಡೆ ತಿರುಗೋಣ ಅನ್ನಿಸಿತ್ತು. ತಿರುಗಲಿಲ್ಲ. ಕಾಲು ಉಳುಕಿ ಬಿದ್ದರೆ ಜನ ಹುಡುಕಿಕೊಂಡು ಬರುವುದು ಚೀಟಿಯಲ್ಲಿರುವ ದಾರಿಯಲ್ಲೇ ಅಲ್ವಾ?

ನಡಿಗೆಯ ಲೆಕ್ಕಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರ ಈಗಲೂ ಉಪಯೋಗಕ್ಕೆ ಬರುತ್ತದೆ. ಸುಮಾರು 5 ಕಿ.ಮೀ.ಗೆ ಒಂದು ಗಂಟೆ, ಹತ್ತುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಅಂದರೆ 600 ಮೀಟರ್ ಏರು ಇರುವ 10 ಕಿ.ಮೀ. ದಾರಿಗೆ ಮೂರು ಗಂಟೆ. ಇದರಲ್ಲಿ ಕೂತು ಸುಧಾರಿಸಿಕೊಳ್ಳುವ ಹೊತ್ತು ಸೇರಿಲ್ಲ. ಬೆನ್ನ ಮೇಲೆ ಹೊರೆ ಇದ್ದರೆ ನಾನು ಅರ್ಧದಷ್ಟು ಜಾಸ್ತಿ ಹಿಡಿಯುತ್ತೇನೆ. ಎಲ್ಲೇ ಇದ್ದರೂ ಎಷ್ಟು ಗಂಟೆಗೆ ವಾಪಸ್ ಹೊರಡಬೇಕು ಅಂತ ಬೆಳಿಗ್ಗೆಯೇ ನಿರ್ಧರಿಸಿಬಿಡಿ. ಬೆಟ್ಟದ ತುದಿ ಕಣ್ಣೆದುರು ಕಾಣುವಾಗ ವಾಪಸ್ ಹೋಗೋಣ ಅಂತ ಯಾರಿಗೂ ಅನ್ನಿಸುವುದಿಲ್ಲ!

ಸಿಗ್ನಲ್ ಇಲ್ಲದ ಕಡೆ ಫೋನ್ ಟವರ್ ಹುಡುಕುತ್ತಲೇ ಬ್ಯಾಟರಿ ಮುಗಿಸುತ್ತದೆ. ಏರೋಪ್ಲೇನ್ ಮೋಡ್‌ನಲ್ಲಿಡಿ. ನಕ್ಷೆ ಮೊದಲೇ ಡೌನ್‌ಲೋಡ್ ಮಾಡಿಕೊಂಡಿದ್ದರೆ ನೆಟ್‌ವರ್ಕ್ ಇಲ್ಲದೆಯೂ ಜಿಪಿಎಸ್ ದಾರಿ ತೋರಿಸುತ್ತದೆ. ಕಾಗದದ ನಕ್ಷೆಯೂ ಜೊತೆಗಿರಲಿ. ಹೊಳೆ ನೀರನ್ನು ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ. 2000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ. ಚಳಿ ಜಾಗಕ್ಕೆ ಹತ್ತಿ ಬಟ್ಟೆ ಬೇಡ, ಒದ್ದೆಯಾದರೆ ಬೇಗ ಒಣಗುವುದಿಲ್ಲ, ಮೈ ಬಿಸಿ ಹೀರುತ್ತದೆ.

ಸೀಟಿಯನ್ನು ಬ್ಯಾಗಿನೊಳಗೆ ಹಾಕಬೇಡಿ, ಹೆಗಲ ಪಟ್ಟಿಗೆ ಕಟ್ಟಿಕೊಳ್ಳಿ. ಬಿದ್ದಾಗ ಬ್ಯಾಗ್ ಕೈಗೆ ಸಿಗುತ್ತದೆ ಅಂತ ಹೇಳಲಾಗದು. ಮೂರು ಸಲ ಊದುವುದು, ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ. ಕೂಗಿದರೆ ಗಂಟಲು ಬೇಗ ಸೋಲುತ್ತದೆ.

ದಾರಿ ತಪ್ಪಿತು ಅನ್ನಿಸಿದ ಕೂಡಲೇ ಕೂತುಬಿಡಿ. ನೀರು ಕುಡಿದು, ನಕ್ಷೆ ನೋಡಿ. ತೊರೆ ಹಿಡಿದು ಇಳಿದರೆ ಊರು ಸಿಗುತ್ತದೆ ಅಂತ ಹಲವರು ಹೇಳುತ್ತಾರೆ. ನನಗೆ ಆ ಸಲಹೆ ಇಷ್ಟವಿಲ್ಲ. ತೊರೆ ಪ್ರಪಾತದ ಅಂಚಿಗೂ ಕರೆದೊಯ್ಯಬಹುದು. ದಾರಿ ಖಚಿತವಾಗದಿದ್ದರೆ, ಅದರಲ್ಲೂ ಕತ್ತಲಾಗುತ್ತಿದ್ದರೆ, ಅಲ್ಲೇ ಬೆಚ್ಚಗೆ ಹೊದ್ದು ಕೂತು ಸೀಟಿ ಊದುತ್ತಿರಿ.